ಟಂಟಂನಲ್ಲಿ ನಡುವಿನ ಸೀಟು

ಗೆಳೆಯರೇ, ಇವತ್ತು ನನ್ನನ್ನು ಗೋಡೆಯಾಗಿ ಬಳಸಿದರು.

ಕೊರೊನಾದಿಂದ ಗುಣವಾದ ಮೇಲೆ ಮೊದಲ ಸಲ ಹೊರಗೆ ಹೊರಟಿದ್ದೆ. ವಾಡಿಯಲ್ಲಿ ಚಿತ್ತಾಪುರದ ಟಂಟಂ ಆಟೋ ಹತ್ತುವಾಗಲೇ ಡ್ರೈವರ್ ತಡೆದ. ನನ್ನ ಹಳೆಯ ವಿದ್ಯಾರ್ಥಿ.

"ಅಕ್ಕೋರೆ, ನೀವು ನಡುವ ಕುಂದ್ರಿ."

ಒಂದು ಅಂಚಿನಲ್ಲಿ ಒಬ್ಬಾತ ಕೆಮ್ಮುತ್ತಿದ್ದ. ಉಳಿದವರೆಲ್ಲ ಇನ್ನೊಂದು ಅಂಚಿಗೆ ಒತ್ತಿಕೊಂಡಿದ್ದರು.

"ನಾನೇ ಯಾಕಪ್ಪಾ?"

"ನಿಮಗ ಬಂದು ಹೋಗ್ಯದಲ್ರಿ! ಮೈಮ್ಯಾಲ ಅಮ್ಮ ಒಮ್ಮಿ ಎದ್ದು ಹೋದ್ರ ಮತ್ತ ಏಳಂಗಿಲ್ಲ. ಇದೂ ಹಂಗೇ. ನೀವೀಗ ಶಾಬಾದ್ ಫರ್ಸಿ ಕಲ್ಲು ಇದ್ದಂಗ, ಗಟ್ಟಿ!"

ಹೊಗಳಿಕೆಗೆ ಸೋತು ಕುಳಿತೆ, ಗಾಡಿ ಹೊರಟಿತು. ಆದರೆ ಈ ಗಟ್ಟಿತನ ಎಷ್ಟು ಕಾಲ ಬಾಳುತ್ತದೆ ಎಂದು ನನಗೂ ಕುತೂಹಲವಿತ್ತು. ಡಾಕ್ಟರರನ್ನು ಕೇಳಿದಾಗ ಅವರು ನಕ್ಕಿದ್ದರು: "ರೋಗನೇ ನಿನ್ನೆ ಮೊನ್ನೆ ಬಂದದ. ಹತ್ತು ವರ್ಷ ತಡೀತದೋ ಇಲ್ಲೋ ತಿಳೀಬೇಕಂದ್ರ ಹತ್ತು ವರ್ಷ ಆಗಬೇಕಲ್ರಿ?"

ಅದನ್ನೇ ಎಲ್ಲರಿಗೂ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಕಾಳಗಿಯ ಮುದುಕಿಯೊಬ್ಬರು ಮಾತ್ರ ನನ್ನ ಕಡೆ ತಿರುಗಿದರು.

"ನನಗೂ ಹೋದ ಸಲ ಹಿಂಗೇ ನಡುವ ಕುಂದರ್ಸಿದ್ರವ್ವ."

"ಆಮ್ಯಾಲ ಏನಾಯ್ತು ಆಯಿ?"

"ಏನಾಗ್ತದ? ಮತ್ತ ಬಂತು. ಆದ್ರ ಈ ಸಲ ಹಾಸಿಗಿ ಹಿಡೀಲಿಲ್ಲ, ರೊಟ್ಟಿ ಬಡಕೋತ ಕಳದೆ."

ನಾನು ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡೆ. ಚೀಲದಲ್ಲಿದ್ದ ಇನ್ನೊಂದನ್ನು ಕೆಮ್ಮುವವನಿಗೆ ಕೊಟ್ಟೆ. ಡ್ರೈವರ್ ಗಾಡಿಯನ್ನೇ ನಿಲ್ಲಿಸಿದ. ಅಂತೂ ಬುದ್ಧಿ ಬಂತು ಎಂದುಕೊಂಡೆ.

"ಆಯಿ, ನಿಮಗ ಎರಡು ಸಲ ಆಗ್ಯದೇನು? ಮೊದಲೇ ಹೇಳಬಾರದಾ? ನಡುವ ನೀವು ಬರ್ರಿ!"

ನನ್ನನ್ನು ಅಂಚಿಗೆ ಸರಿಸಿದರು. ಒಂದೇ ಪದರದ ಗೋಡೆಗೆ ವಾಡಿಯಲ್ಲಿ ಇಷ್ಟೇ ಬೆಲೆ.