ಮೊಮ್ಮಗಳ ತೂಕದ ಬೆಲ್ಲ

ಗೋವಿನಕೋವಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟಾಗ ನನ್ನ ಕೈಯಲ್ಲಿದ್ದದ್ದು ಒಂದು ರೊಟ್ಟಿ ಬುತ್ತಿ ಮತ್ತು ಎರಡು ಖಾಲಿ ಚೀಲ. ಚೀಲ ತುಂಬಬೇಕಾದದ್ದು ಹೊನ್ನಾಳಿಯಲ್ಲಿ, ಬರಿದು ಮಾಡಬೇಕಾದದ್ದು ಜಗಳೂರಿನಲ್ಲಿ. ನ್ಯಾಮತಿ ಸಂತೆ, ಹೊನ್ನಾಳಿ ಆಸ್ಪತ್ರೆ, ಇಷ್ಟೇ ನಾನು ಒಬ್ಬಳೇ ಓಡಾಡಿದ ಲೋಕ. ಅದಕ್ಕೇ ನಮ್ಮ ಮನೆಯವರು ಬಸ್ಸಿನ ತನಕ ಬಂದು ನಿಂತರು.

"ಲೇ, ಬೋರ್ಡ್ ಓದಿ ಹತ್ತು. ಫ್ರೀ ಐತೆ ಅಂತ ಕಂಡ ಕಂಡ ಬಸ್ಸಿಗೆಲ್ಲ ಹತ್ತಿ ಕುಂತ್ಕಬ್ಯಾಡ" ಎಂದರು.

"ನಾಲ್ಕನೇ ಕ್ಲಾಸ್ ಓದೀನಿ. ಬೋರ್ಡ್ ಓದಾಕೆ ಅಷ್ಟು ಸಾಕು" ಎಂದೆ. ಬಸ್ಸು ಹೊರಟಿತು.

ಯಾಕೆ ಹೊರಟೆ ಎಂದು ಹೇಳಬೇಕು. ನನ್ನ ಮಗಳು ಮಂಜುಳ ಜಗಳೂರಿನಲ್ಲಿದ್ದಾಳೆ, ಅಳಿಯ ಅಲ್ಲಿ ಲೈನ್‌ಮನ್. ಅವರ ಮಗಳು ಚೈತ್ರ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಮನೆಯವರ ಜೊತೆ ಅಲ್ಲಿಗೆ ಹೋಗಿದ್ದೆ. ಶಾಲೆಗೆ ಬಿಡಲು ಜೊತೆಗೆ ನಡೆದೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಮಗು ನನ್ನ ಕಣ್ಣೆದುರೇ ಕುಸಿಯಿತು. ಊಟ ಬೇಡ, ಸೊಪ್ಪು ಬೇಡ, ಗೇಟಿನೆದುರಿನ ಅಂಗಡಿಯ ಪ್ಯಾಕೆಟ್ ತಿಂಡಿ ಮಾತ್ರ ಬೇಕು. ಅದೂ ಸಿಗದಿದ್ದರೆ ಸ್ಲೇಟಿನ ಬಳಪವನ್ನೇ ಕಟುಂ ಕಟುಂ ಎಂದು ತಿನ್ನುವಳು. ಶಾಲೆಗೆ ಬಂದ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದರು. ಶಾಲೆಯ ಬೇವಿನ ಕಟ್ಟೆಯ ಮೇಲೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಒಣ ಹುಲ್ಲಿನ ಸಿವುಡಿನಷ್ಟು ಹಗುರ ಇದ್ದಳು. ಆಗ ನಮ್ಮೂರ ಅಮ್ಮನನ್ನು ನೆನೆದು ಕೈ ಮುಗಿದೆ: "ತಾಯೀ, ಇವಳು ಚೇತರಿಸಿಕೊಂಡರೆ ಇದೇ ಅಂಗಳದಲ್ಲಿ ಇವಳ ತೂಕದ ಬೆಲ್ಲ ತೂಗಿಸಿ, ಇಲ್ಲಿನ ಮಕ್ಕಳಿಗೆಲ್ಲ ಮುಟ್ಟಿಸುತ್ತೇನೆ."

ಹೋದ ವಾರ ಮಂಜುಳ ಫೋನು ಮಾಡಿದಳು. "ಅವ್ವಾ, ರಕ್ತ ಪೂರ್ತಿ ಸರಿ ಐತಂತೆ. ಖೋ ಖೋ ಟೀಮಿಗೆ ಬ್ಯಾರೆ ತಗಂಡಾರೆ!" ಆ ಸುದ್ದಿಯನ್ನು ಮನೆಯವರಿಗೆ ಹೇಳುವ ಮೊದಲು ಹಟ್ಟಿಯಲ್ಲಿದ್ದ ಎಮ್ಮೆಗೆ ಹೇಳಿದೆ. ಅಷ್ಟು ತಡೆಯಲಾಗಲಿಲ್ಲ.

ಹೊನ್ನಾಳಿಯಲ್ಲಿ ಇಳಿದು ಬೆಲ್ಲದ ಅಂಗಡಿಗೆ ಹೋದೆ.

"ಎಷ್ಟು ಬೇಕಜ್ಜಿ?" ಎಂದ ಅಂಗಡಿಯವನು.

"ನನ್ನ ಮೊಮ್ಮಗಳಷ್ಟು."

"ಮೊಮ್ಮಗಳು ಎಷ್ಟದಾಳೆ?"

ನನಗೆ ಕೇಜಿ ಲೆಕ್ಕ ಗೊತ್ತಿರಲಿಲ್ಲ. ಆದರೆ ಸೊಂಟದ ಲೆಕ್ಕ ಗೊತ್ತಿತ್ತು. ಹೊಳೆಯಿಂದ ನೀರು ಹೊತ್ತು ಬೆಳೆದವಳು ನಾನು. ಹೋದ ಯುಗಾದಿಗೆ ಮಗು ನಮ್ಮೂರಿಗೆ ಬಂದಾಗ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಿದ್ದೆ. ತುಂಬಿದ ಒಂದು ಕೊಡ, ಅದರ ಮೇಲೊಂದು ತಂಬಿಗೆ ಇಟ್ಟಷ್ಟು ಇದ್ದಳು. ಹಾಗೇ ಹೇಳಿದೆ. ಅವನು ನಕ್ಕು, ಕೊಡಕ್ಕೆ ಎಷ್ಟು ನೀರು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಅಚ್ಚು ಬೆಲ್ಲವನ್ನು ಎರಡು ಚೀಲಕ್ಕೆ ಸಮ ಮಾಡಿ ತುಂಬಿದ. ಹರಕೆಯದು ಎಂದು ತಿಳಿದ ಮೇಲೆ ತನ್ನ ಲೆಕ್ಕದಲ್ಲಿ ಒಂದು ಅಚ್ಚು ಮೇಲೆ ಹಾಕಿದ. ಅವನ ಹೊಟ್ಟೆ ತಣ್ಣಗಿರಲಿ.

ಚನ್ನಗಿರಿ ಬಸ್ಸಿನಲ್ಲಿ ಕಂಡಕ್ಟರ್ ಹುಡುಗ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟು, ಚೀಲದ ಮೇಲೆ ತಟ್ಟಿದ. "ಅಜ್ಜೀ, ನಿಂಗೆ ಫ್ರೀ. ಈ ಇಬ್ರಿಗೆ ಆಧಾರ್ ಐತಾ?"

"ಇವ್ರು ಬೆಲ್ಲಪ್ಪ, ಹೆಣ್ಮಕ್ಕಳಲ್ಲ" ಎಂದೆ. ಬಸ್ಸೆಲ್ಲ ನಕ್ಕಿತು. ಅವನೇ ಎರಡೂ ಚೀಲಗಳನ್ನು ಡ್ರೈವರ್ ಹಿಂದಿನ ಜಾಗಕ್ಕೆ ಸರಿಸಿಟ್ಟ. ದಾರಿಯುದ್ದಕ್ಕೂ ಕಾಲುವೆ ನೀರು, ಹಸಿರು ಗದ್ದೆ, ಅಲ್ಲಲ್ಲಿ ಅಡಕೆ ತೋಟ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಯ ಚಹಾ ಕುಡಿದು, ಬುತ್ತಿ ಬಿಚ್ಚಿ ಒಂದು ರೊಟ್ಟಿ ತಿಂದೆ. ಪಕ್ಕದಲ್ಲಿ ಮಗು ಎತ್ತಿಕೊಂಡು ಕುಳಿತಿದ್ದ ಹೆಂಗಸಿಗೂ ಒಂದು ರೊಟ್ಟಿ ಕೊಟ್ಟೆ. ಅವಳು ಬೇಡ ಬೇಡ ಎನ್ನುತ್ತಲೇ ಚಟ್ನಿಪುಡಿಯನ್ನೂ ಕೇಳಿ ಹಾಕಿಸಿಕೊಂಡಳು.

ನಲ್ಲೂರು ಮೇಲೆ ಹಾಯ್ದು ದಾವಣಗೆರೆಗೆ ಹೋಗುವ ಬಸ್ಸು ತ್ಯಾವಣಿಗೆಯಲ್ಲಿ ನಿಂತಾಗ ನನ್ನ ಬೀಗಿತ್ತಿ ರುದ್ರಮ್ಮ ಹತ್ತಿದರು. ಅಳಿಯನ ತಾಯಿ. ನನಗಿಂತ ಎರಡು ವರ್ಷ ಹಿರಿಯರು, ನನಗಿಂತ ಹತ್ತರಷ್ಟು ಮಾತು. ಮೊಮ್ಮಗಳ ಹರಕೆ ಎಂದ ಮೇಲೆ ಎರಡೂ ಕಡೆಯ ಅಜ್ಜಿಯರು ಇರಬೇಕಲ್ಲ, ಅದಕ್ಕೇ ಕರೆದಿದ್ದೆ, ಅದಕ್ಕೇ ಈ ಚನ್ನಗಿರಿ ಸುತ್ತು. ಅವರು ಕುಳಿತವರೇ ಚೀಲ ಮುಟ್ಟಿ ನೋಡಿದರು.

"ಏನ್ರೀ ಬೀಗ್ತೀ, ಇಷ್ಟೇ ಏನ್ರೀ ಬೆಲ್ಲ? ಜಿಪುಣತನ ಮಾಡೀರಾ?"

"ಅಳತೆ ಮಾಡಿ ತಂದೀನ್ರೀ. ನನ್ನ ಸೊಂಟ ಸುಳ್ಳು ಹೇಳಂಗಿಲ್ಲ."

"ಇರ್ಲಿ ಬಿಡ್ರಿ. ಆದ್ರೆ ಒಂದ್ ಮಾತು. ಆ ಸ್ಕೂಲಲ್ಲಿ ಈಗ ಸಿಹಿ ಹಂಚಂಗಿಲ್ಲ, ಗೊತ್ತೈತಾ? ಮಗ ಹೇಳಿದ. ಅವನ ಆಫೀಸಿನವರ ಹುಡುಗ ಹುಟ್ಟುಹಬ್ಬಕ್ಕೆ ಚಾಕ್ಲೇಟ್ ಡಬ್ಬಿ ತಂದ್ರೆ ಗೇಟಿಂದ್ಲೇ ವಾಪಸ್ ಕಳಿಸ್ಯಾರೆ. ರೂಲ್ಸ್ ಮಾಡ್ಯಾರಂತೆ, ಗೋಡೆ ಮ್ಯಾಲೆ ಬರೆಸ್ಯಾರಂತೆ."

ನಾನು ಚೀಲಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. "ಹಂಗಾದ್ರೆ ನನ್ನ ಹರಕೆ?"

"ಯಾವ್ದಾರ ಗುಡೀಲಿ ತೂಗ್ಸಿ ಹಂಚಿ ಬಂದ್ರಾತು."

"ಇದೇ ಅಂಗಳದಲ್ಲಿ ಅಂತ ಹೊತ್ತೀನ್ರೀ. ಬ್ಯಾರೆ ಕಡೆ ಮಾಡಿದ್ರೆ ತೀರಿದಂಗೆ ಆಗಂಗಿಲ್ಲ."

ದೇವರಿಗೆ ಕೊಟ್ಟ ಮಾತು ಬಾಕಿ ಉಳಿದರೆ ಮಗುವಿಗೆ ಒಳ್ಳೆಯದಲ್ಲ ಎಂಬ ಹೆದರಿಕೆ ನಮ್ಮ ಕಡೆಯವರಿಗೆಲ್ಲ ಇರುವುದೇ. ದಾವಣಗೆರೆ ಬರುವ ತನಕ ನಾನು ಕಿಟಕಿಯಾಚೆ ಏನನ್ನೂ ಕಾಣಲಿಲ್ಲ.

ದಾವಣಗೆರೆಯಲ್ಲಿ ಜಗಳೂರಿಗೆ ಮೊದಲು ಸಿಕ್ಕಿದ್ದು ಪ್ರೈವೇಟ್ ಬಸ್ಸು. ಅದರಲ್ಲಿ ಹೆಂಗಸರಿಗೂ ಟಿಕೆಟ್. ರುದ್ರಮ್ಮ ಸೆರಗಿನ ಗಂಟು ಬಿಚ್ಚುತ್ತಾ, "ಟಿಕೆಟ್ ತಗಳ್ಳೋದೇ ಮರ್ತು ಹೋಗೈತಲ್ರೀ" ಎಂದು ಗೊಣಗಿದರು. ಊರು ದಾಟಿದ ಮೇಲೆ ಬಯಲು ತೆರೆಯಿತು. ಮೆಕ್ಕೆಜೋಳ, ಶೇಂಗಾ ಹೊಲ, ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಕೆರೆ ತುಂಬ ನೀರು ಕಂಡು ಬೆರಗಾಗಿ, ಮುಂದಿನ ಸೀಟಿನವರನ್ನು ಕೇಳಿದೆ.

"ಪೈಪಿನಾಗೆ ಬಂದಿರೋ ತುಂಗಭದ್ರೆ ನೀರು ಕಣಮ್ಮಾ" ಎಂದರು.

ನಮ್ಮ ಹೊಳೆ! ನನಗಿಂತ ಮೊದಲೇ ಮೊಮ್ಮಗಳ ಊರು ಸೇರಿದೆ. ಸ್ವಲ್ಪ ಧೈರ್ಯ ಬಂತು.

ಸಂಜೆ ಮಗಳ ಮನೆ ಮುಟ್ಟಿದಾಗ ಚೈತ್ರ ಓಡಿ ಬಂದು ಒಂದು ಚೀಲವನ್ನು ಕಿತ್ತುಕೊಂಡು ಒಳಗೆ ಹೊತ್ತೊಯ್ದಳು. ತಿರುಗಿ ಬಂದವಳನ್ನು ಸೊಂಟದ ಮೇಲೆ ಕೂರಿಸಿಕೊಳ್ಳಲು ನೋಡಿದೆ. ಎತ್ತಲಾಗಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಸೊಂಟ ಹಿಡಿದಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಇಬ್ಬರು ಅಜ್ಜಿಯರೂ ಶಾಲೆಗೆ ಹೋದೆವು. ಗೇಟಿನೆದುರು ಪ್ಯಾಕೆಟ್‌ಗಳ ಮಾಲೆ ತೂಗುತ್ತಿದ್ದ ಅಂಗಡಿಯಲ್ಲಿ ಈಗ ಬಾಳೆಗೊನೆ ತೂಗುತ್ತಿತ್ತು. ಕೈತೊಳೆಯುವ ನಲ್ಲಿಗಳ ಸಾಲು, ಅದರ ನೀರು ಹರಿದು ಹೋಗುವಲ್ಲಿ ನುಗ್ಗೆ ಗಿಡ, ಪಾಲಕ್ ಮಡಿ. ರುದ್ರಮ್ಮ ಹೇಳಿದ ಗೋಡೆಯೂ ಇತ್ತು. ದೊಡ್ಡ ಅಕ್ಷರವಾದ್ದರಿಂದ ನಾನೇ ಓದಿದೆ: ಹೊರಗಿನ ಪ್ಯಾಕೆಟ್ ತಿಂಡಿ ತರುವಂತಿಲ್ಲ. ಹುಟ್ಟುಹಬ್ಬಕ್ಕೆ ಸಿಹಿ ಹಂಚುವಂತಿಲ್ಲ. ಏನೇ ಕೊಡುವುದಿದ್ದರೂ ಅಡುಗೆ ಕೋಣೆಗೆ ಕೊಡಬೇಕು.

ದೊಡ್ಡ ಟೀಚರ್ ನಮ್ಮನ್ನು ಕೂರಿಸಿ, ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ ಹೇಳಿದರು: "ಅಜ್ಜೀ, ನಿಮ್ಮ ಮೊಮ್ಮಗಳು ಬಿದ್ದ ಮೇಲೇನೇ ನಾವು ತಂದೆತಾಯಂದಿರನ್ನೆಲ್ಲ ಸೇರಿಸಿ ಈ ನಿಯಮ ಮಾಡಿದ್ದು. ಅವಳೊಬ್ಬಳೇ ಅಲ್ಲ, ರಕ್ತ ಕಮ್ಮಿ ಇದ್ದೋರು ಇನ್ನೂ ಇದ್ರು. ಇವತ್ತು ನಿಮಗೆ ಬಿಟ್ರೆ ನಾಳೆ ಇನ್ನೊಬ್ರು ಜಿಲೇಬಿ ತರ್ತಾರೆ. ಹೆಂಗೆ ಬ್ಯಾಡ ಅನ್ನಲಿ?"

ಅವರು ಹೇಳಿದ್ದು ಸರಿ. ಅದೇ ನನಗೆ ಕಷ್ಟವಾಯಿತು. ಯಾವ ನಿಯಮ ನನ್ನ ಮಗುವನ್ನು ಎಬ್ಬಿಸಿ ನಿಲ್ಲಿಸಿತೋ ಅದನ್ನು ಮುರಿಯಿರಿ ಎಂದು ಯಾವ ಬಾಯಲ್ಲಿ ಕೇಳಲಿ? ಅಷ್ಟರಲ್ಲಿ ಗಂಟೆ ಹೊಡೆಯಿತು.

"ಇಷ್ಟ್ ಬೇಗ ಬಿಟ್ರಾ?" ಎಂದು ರುದ್ರಮ್ಮ ಎದ್ದು ನಿಂತರು.

"ಇಲ್ಲಮ್ಮಾ, ನೀರಿನ ಗಂಟೆ. ಎಲ್ಲರೂ ನೀರು ಕುಡೀಬೇಕು" ಎಂದು ಟೀಚರ್ ನಕ್ಕು, ನಮ್ಮ ಮುಂದೆಯೂ ಎರಡು ಲೋಟ ಇಟ್ಟರು. ನಾವೂ ಕುಡಿದೆವು. ಲೋಟ ಕೆಳಗಿಟ್ಟ ಮೇಲೆ ಅವರು ಕೇಳಿದರು: "ಅಜ್ಜೀ, ಮಕ್ಕಳಿಗೆಲ್ಲ ಒಂದೇ ದಿನ ಕೊಡ್ತೀನಿ ಅಂತ ಹರಕೆ ಹೊತ್ತಿದ್ರಾ?"

"ಇಲ್ಲ ತಾಯಿ. ಇಲ್ಲಿ ತೂಗಬೇಕು, ಮಕ್ಕಳಿಗೆ ಮುಟ್ಟಬೇಕು. ಅಷ್ಟೇ."

"ಹಂಗಾದ್ರೆ ತೂಗ್ರಿ. ತೂಗಿದ್ದನ್ನ ಅಡುಗೆ ಕೋಣೆಗೆ ಕೊಡ್ರಿ. ಶೇಂಗಾ ಹುರಿದು ಉಂಡೆ ಕಟ್ಟಿ, ವಾರಕ್ಕೊಂದು ದಿನ ಒಂದೊಂದು ಕೊಡ್ತೀವಿ. ಬೆಲ್ಲ ಮುಗಿಯೋ ತನಕ."

ನಾನು ಅವರ ಎರಡೂ ಕೈ ಹಿಡಿದುಕೊಂಡೆ.

ಬೀದಿಯ ಕೊನೆಯ ಶೇಂಗಾ ವ್ಯಾಪಾರಿ ತನ್ನ ದೊಡ್ಡ ತಕ್ಕಡಿ ಕೊಟ್ಟರು. ಅದೇ ಬೇವಿನ ಕೊಂಬೆಗೆ ಕಟ್ಟಿದರು. ಅಡುಗೆಯ ಹಾಲಮ್ಮ ನಿಯಮದಂತೆ ಮೊದಲು ಬೆಲ್ಲ ಮುರಿದು, ಮೂಸಿ, ಚೂರು ಬಾಯಿಗಿಟ್ಟುಕೊಂಡು, "ಚಲೋ ಐತೆ, ಮರಳು ಇಲ್ಲ" ಎಂದಳು. ಚೈತ್ರ ನಾಚಿಕೊಂಡು ಒಂದು ತಟ್ಟೆಯಲ್ಲಿ ಕಾಲು ಮಡಚಿ ಕುಳಿತಳು. ಇನ್ನೊಂದು ತಟ್ಟೆಗೆ ನಾನು ಬೆಲ್ಲ ಇಡುತ್ತಾ ಹೋದೆ. ಒಂದು ಚೀಲ ಮುಗಿಯಿತು. ಎರಡನೆಯದೂ ಮುಗಿಯಿತು. ಹೊನ್ನಾಳಿಯವನು ಮೇಲೆ ಹಾಕಿದ ಅಚ್ಚನ್ನೂ ಇಟ್ಟೆ. ಚೈತ್ರಳ ತಟ್ಟೆ ನೆಲ ಬಿಟ್ಟು ಏಳಲೇ ಇಲ್ಲ.

"ನಾನು ಹೇಳ್ಲಿಲ್ಲೇನ್ರೀ? ನಿಮ್ ಸೊಂಟ ನಂಬ್ಕಂಡು ಕೆಟ್ವಿ!" ಎಂದು ರುದ್ರಮ್ಮ ತಮ್ಮ ಬ್ಯಾಗಿನಿಂದ ಹುರಿಗಡಲೆ ಗಂಟು ತೆಗೆದಿಟ್ಟರು. ನಾನು ಉಳಿದ ರೊಟ್ಟಿ ಬುತ್ತಿ ಇಟ್ಟೆ. ತಟ್ಟೆ ಮಿಸುಕಾಡಿತು, ಏಳಲಿಲ್ಲ. ಮಕ್ಕಳು ಕೇಕೆ ಹಾಕಿದವು. ಚೈತ್ರ, "ಅಜ್ಜೀ, ನಾನೇನು ಮಾಡ್ಲಿ? ಮೊಟ್ಟೆ, ರಾಗಿ ಮಾಲ್ಟು, ನುಗ್ಗೆಸೊಪ್ಪಿನ ಸಾರು, ಎಲ್ಲ ತಿನ್ನಿಸ್ಯಾರೆ!" ಎಂದು ಟೀಚರ ಕಡೆ ಬೆರಳು ತೋರಿಸಿದಳು.

ಆಗ ನನಗೆ ಹೊಳೆಯಿತು. ನಿನ್ನೆ ನನ್ನ ಸೊಂಟ ಹಿಡಿದಿರಲೇ ಇಲ್ಲ. ನಾನು ತಂದದ್ದು ಹೋದ ಯುಗಾದಿಯ ಮೊಮ್ಮಗಳ ತೂಕ. ಈ ತಟ್ಟೆಯಲ್ಲಿ ಕುಳಿತವಳು ಅವಳಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೆ ಬಂದವು. ಅಂಗಡಿಗೆ ಯಾರನ್ನಾದರೂ ಕಳಿಸಿ ಇನ್ನಷ್ಟು ಬೆಲ್ಲ ತರಿಸುತ್ತೇನೆ ಎಂದೆ.

ದೊಡ್ಡ ಟೀಚರ್ ನನ್ನ ಭುಜ ಹಿಡಿದರು. "ಬ್ಯಾಡಜ್ಜಿ. ಮ್ಯಾಲಿನ ತೂಕ ಈ ಅಂಗಳ ಕೊಟ್ಟಿದ್ದು. ಇಲ್ಲಿ ಬಂದಿದ್ದನ್ನ ಇಲ್ಲಿಗೆ ಯಾಕೆ ತೂಗ್ತೀರಿ?"

ಬಾಕಿ ಉಳಿಯಿತಲ್ಲ ಎಂದು ನಮ್ಮೂರ ಅಮ್ಮನ ನೆನಪಾಯಿತು. ಆದರೆ ಅಂದು ಬೇಡಿಕೊಂಡದ್ದೇ ಇದನ್ನಲ್ಲವೇ? ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವಳು ಹೆಚ್ಚು ಕೊಟ್ಟಿದ್ದಕ್ಕೆ ಸಿಟ್ಟಾಗುತ್ತಾಳೆಯೇ? ತಕ್ಕಡಿಗೆ ಕೈ ಮುಗಿದೆ. ಟೀಚರಿಗೆ ಮುಗಿದೆ. ಹಾಲಮ್ಮನಿಗೆ ಮುಗಿಯಲು ಹೋದರೆ ಅವಳು ಸೌಟು ಹಿಡಿದುಕೊಂಡು ಓಡಿದಳು.

ಎರಡು ದಿನ ಉಳಿದೆವು. ಮೊದಲ ಶೇಂಗಾ ಉಂಡೆ ಹಂಚುವುದನ್ನು ಕಂಡೇ ಹೊರಟೆವು. ಮಕ್ಕಳು ಕೈ ತೊಳೆದು ಸಾಲಾಗಿ ಬಂದು, ಒಂದೊಂದು ತೆಗೆದುಕೊಂಡು, "ಚೈತ್ರನ ಉಂಡೆ, ಚೈತ್ರನ ಉಂಡೆ" ಎನ್ನುತ್ತಾ ಕಟುಂ ಕಟುಂ ಕಡಿದವು. ನನಗೂ ಒಂದು ಕೊಟ್ಟರು. ಅರ್ಧ ತಿಂದು, ಇನ್ನರ್ಧ ಮನೆಯವರಿಗೆಂದು ಸೆರಗಿಗೆ ಕಟ್ಟಿಕೊಂಡೆ.

ಈ ಸಲ ಸರ್ಕಾರಿ ಬಸ್ಸಿಗೇ ಕಾದು ಹತ್ತಿದೆವು. ಖಾಲಿ ಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹಿಂತಿರುಗಿ ನೋಡಿದೆ. ಬಸ್ಸು ಹೊರಟಿತು. ಚೈತ್ರ ಕೈ ಬೀಸುತ್ತಾ ರಸ್ತೆ ಬದಿಯಲ್ಲಿ ಜೊತೆಗೇ ಓಡತೊಡಗಿದಳು. ಹಿಂದೆ ಪ್ರಾರ್ಥನೆ ಮುಗಿಯುವ ತನಕ ನಿಲ್ಲಲಾಗದ ಮಗು. "ಬ್ಯಾಡ, ದಣೀತೀಯ" ಎನ್ನಲು ಬಾಯಿ ತೆರೆದೆ. ರುದ್ರಮ್ಮ ನನ್ನ ಕೈ ಒತ್ತಿದರು.

"ಓಡ್ಲಿ ಬಿಡ್ರಿ" ಎಂದರು.

ಅವಳು ತಿರುವಿನ ತನಕ ಓಡಿದಳು. ಬಸ್ಸು ತಿರುಗುವಾಗಲೂ ಅವಳು ನಗುತ್ತಿದ್ದಳು, ಏದುಸಿರು ಬಿಡುತ್ತಿರಲಿಲ್ಲ.