ಗೋಡೆಯಾಚೆ ಮೊಳೆತದ್ದು

ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಸಾಮಾನು ತರುವ ಜೀಪಿನ ಡ್ರೈವರ್ ಒಮ್ಮೆ ತಮಾಷೆಗೆ ‘ಕುಂಡದಮ್ಮ’ ಅಂದ. ಆಮೇಲೆ ಎಲ್ಲರ ಬಾಯಲ್ಲೂ ಅದೇ ನಿಂತಿತು. ತಪ್ಪೇನೂ ಇಲ್ಲ ಬಿಡಿ. ಹುಲ್ಲುಗಾವಲಿನ ನಡುವೆ ಒಂದು ಗಾಜಿನ ಮನೆ, ಅದರೊಳಗೆ ಸಾಲು ಸಾಲು ಮಣ್ಣಿನ ಕುಂಡ, ಕುಂಡಗಳಲ್ಲಿ ಗೇಣುದ್ದದ ಗಿಡ, ಆ ಗಿಡಕ್ಕೆ ಅಮ್ಮ ಇವಳು.

ಗಿಡ ನೋಡಿದರೆ ನೀವು ಮೂಗು ಮುರಿಯುತ್ತೀರಿ. ಬೂದು ಎಲೆ, ಉಗುರಿನಷ್ಟು ನೀಲಿ ಹೂವು, ಅಷ್ಟೇ. ಒಂದು ಕಾಲಕ್ಕೆ ಈ ಬಯಲಿನ ತುಂಬ ಇತ್ತಂತೆ. ಉತ್ತರು, ಮರ ನೆಟ್ಟರು, ರಸ್ತೆ ಹಾಕಿದರು; ಗಿಡ ಹೇಳಹೆಸರಿಲ್ಲದಂತೆ ಹೋಯಿತು. ಗೇಟಿನ ಬೋರ್ಡಿನ ಮೇಲೆ ಅದರ ಸ್ಥಿತಿಯನ್ನು ಕೆಂಪಕ್ಷರದಲ್ಲಿ ಬರೆದಿದ್ದರು: ‘ಬಯಲಿನಲ್ಲಿ ನಿರ್ನಾಮ. ಪಾಲನೆಯಲ್ಲಿ ಮಾತ್ರ ಜೀವಂತ.’ ಪಾಲನೆ ಅಂದರೆ ಬೇರೇನೂ ಅಲ್ಲ, ಕುಂಡದಮ್ಮ.

ಹೂವು ಬೆಳಕು ಹರಿಯುವಾಗ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತಿತ್ತು. ಗಾಜಿನೊಳಗೆ ಜೇನುನೊಣ ಬರುವುದಿಲ್ಲವಲ್ಲ, ಅದರ ಕೆಲಸವನ್ನೂ ಇವಳೇ ಮಾಡಬೇಕು. ಸಣ್ಣ ಕುಂಚದ ತುದಿಯಲ್ಲಿ ಒಂದು ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಮುಟ್ಟಿಸಬೇಕು. ಕೈ ಚೂರು ನಡುಗಿದರೂ ಹೂವು ಉದುರಿತು. ಪಟ್ಟಣದ ನರ್ಸರಿಯಲ್ಲಿ ಕಸಿ ಕಟ್ಟುತ್ತಿದ್ದ ಇವಳ ಕೈ ಬಹಳ ಹಗುರ ಎಂದು ಯಾರೋ ಹೇಳಿದ್ದೇ ತಡ, ‘ಆರು ತಿಂಗಳ ಮಟ್ಟಿಗೆ ಬನ್ನಿ’ ಎಂದು ಇಲಾಖೆಯವರು ಕರೆದುಕೊಂಡು ಬಂದರು. ಆಗ ಮಗಳಿಗೆ ಹಾಲುಹಲ್ಲು ಬರುತ್ತಿತ್ತು. ಈಗ ಆ ಹಲ್ಲುಗಳು ಬೀಳುತ್ತಿವೆ, ಈ ಪುಣ್ಯಾತ್ಮರ ಆರು ತಿಂಗಳು ಇನ್ನೂ ಮುಗಿದಿಲ್ಲ!

ಹತ್ತಿರದಲ್ಲೆಲ್ಲೂ ಶಾಲೆಯಿಲ್ಲ. ಹಾಗಾಗಿ ಮಗಳು ಪಟ್ಟಣದಲ್ಲಿ, ಗಿರಣಿಗೆ ಹೋಗುವ ಅಪ್ಪನ ಜೊತೆ, ಅಜ್ಜಿಯ ಜೊತೆ. ಇವಳು ಇಲ್ಲಿ, ಗಾಜಿನ ಮನೆಯ ಬೆನ್ನಿಗೆ ಅಂಟಿಸಿ ಕಟ್ಟಿದ ಒಂಟಿ ಕೋಣೆಯಲ್ಲಿ. ಇವಳ ಬದಲಿಗೆ ಬಂದವರೂ ಇದ್ದರು. ಒಬ್ಬನ ಕೈಯಲ್ಲಿ ಅರ್ಧ ಸಾಲು ಗಿಡ ಸತ್ತಿತು. ಇನ್ನೊಬ್ಬಳು ನರಪಿಳ್ಳೆಯಿಲ್ಲದ ಜಾಗ ಕಂಡು ಹೆದರಿ ಬಂದ ಜೀಪಿನಲ್ಲೇ ವಾಪಸು ಹೋದಳು. ಆಮೇಲೆ ವರ್ಗ ಕೇಳಿದಾಗಲೆಲ್ಲ ಒಂದೇ ಉತ್ತರ: ಗಿಡದ ಸ್ಥಿತಿ ಬದಲಾಗುವವರೆಗೆ ಪಾಲಕಿಯನ್ನು ಬದಲಿಸುವಂತಿಲ್ಲ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೆಲಸ ಬಿಟ್ಟು ಹೋಗೋಣವೆಂದರೆ ಗಿರಣಿ ಇವತ್ತು ತೆರೆದರೆ ನಾಳೆ ಮುಚ್ಚುತ್ತದೆ, ಮನೆಯ ಒಲೆ ಉರಿಯುವುದೇ ಇವಳ ಸಂಬಳದಲ್ಲಿ.

“ಮಕ್ಕಳು ಹೇಗಿದಾವಮ್ಮ?” ಎಂದು ಡ್ರೈವರ್ ಕೇಳಿದರೆ, “ಯಾವುದಣ್ಣ, ಎಲೆ ಇರೋವಾ, ಹಲ್ಲು ಇಲ್ದೆ ಇರೋದಾ?” ಎಂದು ನಗಿಸುತ್ತಿದ್ದಳು. ಜೀಪು ಕಣ್ಮರೆಯಾದ ಮೇಲೆ ಗೇಟು ಹಾಕಿಕೊಂಡು ಒಳಗೆ ಬಂದರೆ ನಗು ಎಲ್ಲಿಂದ ಬರಬೇಕು? ಮಗಳು ತನ್ನನ್ನು ಮರೆತುಬಿಡುತ್ತಾಳೆ ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ, ಗಾಜಿನ ಮನೆಯ ನೀರು ಎಲ್ಲಿಗೆ ಹೋಗಿ ನಿಲ್ಲುತ್ತಿದೆ ಎಂದು ನೋಡಲು ಅವಳು ಗೋಡೆಯಾಚೆ ಹೋದಳು. ನೀರು ಹೊರಬೀಳುವ ಕಂಡಿಗೆ ಒಂದು ಜಾಲರಿ ಇರಬೇಕಿತ್ತು, ಒಂದು ಬೀಜವೂ ಹೊರಗೆ ಹೋಗದ ಹಾಗೆ. ಮಣ್ಣು ಕಟ್ಟಿಕೊಂಡು ಕಾಟ ಕೊಡುತ್ತದೆಂದು ಹಿಂದೆ ಯಾವಾಗಲೋ ತಾನೇ ಅದನ್ನು ಕಿತ್ತು ಎಸೆದಿದ್ದಳು. ಈಗ ನೋಡುತ್ತಾಳೆ, ಇಳಿಜಾರಿನ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ನೀಲಿ! ಒಂದು ಹೂವಿನ ಮೇಲೆ ಜೇನುನೊಣ ಕೂತಿತ್ತು.

“ಅಯ್ಯೋ ಕಳ್ಳಿ!” ಅಂದಳು ಕುಂಡದಮ್ಮ. “ನನಗಿಂತ ಮುಂಚೆ ನೀನು ತಪ್ಪಿಸ್ಕೊಂಡ್ಯಾ?”

ಅವಳಿಗೆ ಮುಗಿಲು ಮೂರೇ ಗೇಣು. ನೀರಿನ ಟ್ಯಾಂಕಿನ ಏಣಿ ಹತ್ತಿದರೆ ಮಾತ್ರ ಅಲ್ಲಿ ಫೋನು ಕೆಲಸ ಮಾಡುತ್ತಿತ್ತು, ಓಡಿಹೋಗಿ ಹತ್ತಿದಳು.

“ಪುಟ್ಟಿ, ಅಮ್ಮ ಬರ್ತಾಳೆ ಕಣೇ. ಬಂದು ಹೋಗೋಕಲ್ಲ, ಇರೋಕೆ!”

“ಸುಳ್ಳು.”

“ನಿನ್ನಾಣೆಗೂ.”

ಸುದ್ದಿ ತಿಳಿದು ಮುಂದಿನ ವಾರ ಮೇಡಂ ಬಂದರು. ಗಿಡಗಳ ಸ್ಥಿತಿ ನಿರ್ಧರಿಸುವ ವಿಜ್ಞಾನಿ, ಒಳ್ಳೆಯ ಹೆಂಗಸು, ಸುಮ್ಮನೆ ದೂರಬಾರದು. ಹುಲ್ಲಿನಲ್ಲಿ ಮೊಣಕಾಲೂರಿ ಹೂವು ನೋಡುತ್ತಿದ್ದ ಹಾಗೆ ಅವರ ಕಣ್ಣು ತುಂಬಿ ಬಂತು.

“ಜಾಲರಿ ಕಿತ್ತಿದ್ದು ನಾನೇ ಮೇಡಂ.”

“ಜಾಲರಿ ಮನೆ ಹಾಳಾಗ್ಲಿ! ಬಯಲಿಗೆ ಗಿಡ ವಾಪಸ್ ಬಂದಿದೆ, ನೋಡ್ರೀ!”

“ಹಾಗಾದ್ರೆ ಸ್ಥಿತಿ ಬದಲಾಯ್ತಲ್ಲ? ನಾನು ಮನೆಗೆ ಹೋಗ್ಬಹುದಾ?”

ಮೇಡಂ ಎದ್ದು ಸೀರೆಗಂಟಿದ ಮಣ್ಣು ಕೊಡವಿದರು, ಅದೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. “ಬದಲಾಗುತ್ತಮ್ಮ. ಐದು ವರ್ಷ ಯಾರ ಸಹಾಯವೂ ಇಲ್ದೆ ತಾನೇ ಹೂಬಿಟ್ಟು, ತಾನೇ ಮೊಳೀಬೇಕು. ನಡುವೆ ಒಂದು ವರ್ಷ ತಪ್ಪಿದ್ರೂ ಲೆಕ್ಕ ಮತ್ತೆ ಮೊದಲಿಂದ. ಬೇಲಿ ಹಾಕಿದ್ರೂ ಸಹಾಯ ಮಾಡಿದ ಹಾಗೇನೇ. ನೀರು ಹಾಕೋ ಹಾಗಿಲ್ಲ, ಕಳೆ ಕೀಳೋ ಹಾಗಿಲ್ಲ. ಜನ ತುಳೀದ ಹಾಗೆ ಒಬ್ರು ನೋಡ್ಕೊಂಡಿದ್ರೆ ಸಾಕು.”

“ಒಬ್ರು ಅಂದ್ರೆ?”

“ನನಗೂ ಮಕ್ಕಳಿದಾರಮ್ಮ,” ಎಂದರು ಮೇಡಂ, ಮುಖ ತಗ್ಗಿಸಿ. “ಆದ್ರೆ ಒಳಗಿನ ಕುಂಡಗಳನ್ನೂ ಬಿಡೋ ಹಾಗಿಲ್ವಲ್ಲ.”

ನೋಡಿದಿರಾ ನ್ಯಾಯ? ಇಷ್ಟು ದಿನ ಗಿಡಕ್ಕೆ ಎಲ್ಲವನ್ನೂ ಮಾಡಿದ್ದಕ್ಕೆ ಸೆರೆ, ಇನ್ನು ಮೇಲೆ ಏನೂ ಮಾಡದಿರುವುದಕ್ಕೂ ಸೆರೆ. ಕಿತ್ತು ಬಿಸಾಡಿಬಿಡಲೇ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಕಿತ್ತರೆ ಆ ಐದು ವರ್ಷವೂ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಒಂದು ಸ್ಟೂಲು ತಂದು ಇಳಿಜಾರಿನಲ್ಲಿ ಹಾಕಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಗಂಡನಿಗೆ ವಿಷಯ ಹೇಳಿದಳು. ಮಗಳಿಗೆ ಹೇಳಲು ಬಾಯಿ ಬರಲಿಲ್ಲ.

“ನೀನೇ ಎದುರಿಗೆ ಹೇಳು, ನಾನು ಕರ್ಕೊಂಡು ಬರ್ತೀನಿ,” ಎಂದ ಗಂಡ.

ಭಾನುವಾರ ಬಿಸಿಲೇರಿದ ಮೇಲೆ ಜೀಪು ಬಂತು. ಮಗಳು ಇಳಿದಳು. ದೂರದಲ್ಲಿ ಅಮ್ಮ ಕಂಡದ್ದೇ ಅಪ್ಪನ ಕೈ ಕೊಸರಿಕೊಂಡು, “ಅಮ್ಮಾ!” ಎಂದು ಕೂಗುತ್ತ ಹುಲ್ಲಿನ ಮೇಲೆ ನೇರವಾಗಿ ಓಡಿ ಬಂದಳು. ಕುಂಡದಮ್ಮ ಎದ್ದು ಎರಡೂ ತೋಳು ಚಾಚಿದಳು. ಆಮೇಲೆ ಮಗಳ ಕಾಲು ನೋಡಿದಳು.

“ನಿಲ್ಲು! ಅಲ್ಲೇ ನಿಲ್ಲು! ತುಳಿದ್ರೆ ನೋಡು!”

ಆ ದನಿ ತನ್ನದೆಂದು ಅವಳಿಗೇ ಗೊತ್ತಾಗಲಿಲ್ಲ. ಹುಡುಗಿ ಗಕ್ಕನೆ ನಿಂತಳು. ಕೆಳಗೆ ನೋಡಿದಳು. ಹೂವುಗಳು ಮುದುಡಿದ್ದವು, ಅವಳ ಕಣ್ಣಿಗೆ ಬರೀ ಹುಲ್ಲು ಕಂಡಿತು. ಒಂದು ಗಿಡ ಸತ್ತರೂ ಅಮ್ಮ ಮನೆಗೆ ಬರುವುದು ಇನ್ನಷ್ಟು ದೂರ ಹೋಗುತ್ತದೆ, ನಿನಗಾಗಿಯೇ ಕೂಗಿದ್ದು ಚಿನ್ನಾ ಎಂದು ಆ ಮಗುವಿಗೆ ಹೇಗೆ ಹೇಳುವುದು? ಕುಂಡದಮ್ಮ ಗಿಡಗಳನ್ನು ಬಳಸಿಕೊಂಡು, ದೂರದಿಂದ ಸುತ್ತಿ, ಏದುಸಿರು ಬಿಡುತ್ತ ಓಡಿಬಂದಳು. ಅಷ್ಟರಲ್ಲಿ ಮಗಳು ತಾನು ಬಂದ ದಾರಿಯಲ್ಲೇ ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಹಿಂದಿರುಗಿ, ಅಪ್ಪನ ಅಂಗಿ ಹಿಡಿದು ನಿಂತಿದ್ದಳು.

“ಪುಟ್ಟಿ, ಬಾರೇ, ಇಲ್ಲಿ ಬಾರೇ…”

ಹುಡುಗಿ ಅಳಲಿಲ್ಲ. ಅಪ್ಪನ ಮುಖ ನೋಡಿ ಮೆಲ್ಲಗೆ ಹೇಳಿದಳು, “ಹೋಗೋಣ ಅಪ್ಪ. ಅಮ್ಮಂಗೆ ಕೆಲ್ಸ ಇದೆ.”