ಮರಿ ತುಂಬಿದ ಬಂಡಿ

ನಡೆಯಲಾಗದ ಬಡಮಕ್ಕಳಿಗೆ ಮರದ ಕೈಬಂಡಿ ಮಾಡಿಸಿ ಕೊಡುವ ಧರ್ಮಸಂಘವೊಂದು ಆಗ ಚಿತ್ರದುರ್ಗದಲ್ಲಿತ್ತು. ಬಂಡಿಯನ್ನು ಯಾರಾದರೂ ಬೇರೆ ಕೆಲಸಕ್ಕೆ ಹಚ್ಚಿದ್ದು ಕಂಡರೆ ವಾಪಸ್ ತರಬೇಕೆಂದು ಸಂಘದ ನೌಕರನಾದ ನನಗೆ ಕಟ್ಟಪ್ಪಣೆ.

ಹೊಸದುರ್ಗದ ಕಡೆ ಕುರಿ ಸಾಕುವವರ ಹಟ್ಟಿಯೊಂದಕ್ಕೆ ಹೋದರೆ, ನಾವು ಕೊಟ್ಟ ಬಂಡಿಯ ತುಂಬ ಕುರಿಮರಿಗಳು! ನನಗೆ ಸಿಟ್ಟು ನೆತ್ತಿಗೇರಿತು.

“ಏನಮ್ಮಾ, ಇದು ನಿನ್ನ ಮಗಳಿಗೆ ಕೊಟ್ಟಿದ್ದಲ್ವಾ?” ಎಂದು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ತಾಯಿಯನ್ನು ಗದರಿದೆ.

“ನಾನಿಲ್ಲೇ ಇದೀನಲ್ರೀ!” ಎಂದು ಮರಿಗಳ ನಡುವಿನಿಂದ ಮಗಳು ಕೆಂಚಿ ತಲೆಯೆತ್ತಿ ನಕ್ಕಳು.

“ಹಾಗಾದರೆ ಮರಿಗಳನ್ನ ಇಳಿಸಿ” ಎಂದೆ.

“ಬ್ಯಾಡ್ರಿ ಸ್ವಾಮಿ” ಎಂದಳು ತಾಯಿ. “ಮರಿ ಮುಂದೆ ಹೋದ್ರೆ ತಾಯಿಕುರಿ ಹಿಂದೆ ಬರ್ತವೆ, ಅವುಗಳ ಹಿಂದೆ ಮಂದೆಯೆಲ್ಲ ಬರ್ತೈತೆ. ಮೊದ್ಲು ಇವ್ಳು ದಿನಾ ಒಬ್ಳೇ ಹಟ್ಟಿಯಾಗೆ ಕುಂತಿರ್ತಿದ್ಲು. ಈಗ ಇವ್ಳು ಹೊರಡ್ದಿದ್ರೆ ಮಂದೇನೇ ಹೊರಡಲ್ಲ.”

ನಾನು ನಂಬಲಿಲ್ಲ.

“ಎಳೆದು ನೋಡ್ರಿ ಮತ್ತೆ” ಎಂದಳು ಕೆಂಚಿ.

ಹಗ್ಗ ಹಿಡಿದು ಎಳೆದೆ. ಬಂಡಿಯಲ್ಲಿ ಮರಿಗಳು ಅರಚಿದವು. ತಿರುಗಿ ನೋಡಿದರೆ ಇಡೀ ಮಂದೆ ನನ್ನ ಬೆನ್ನಿಗೆ! ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಗಾಬರಿಯಾಗಿ ಓಡಿದರೆ ಅವೂ ಓಡಿ ಬಂದವು. ತಾಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಕೆಂಚಿ ಚಪ್ಪಾಳೆ ತಟ್ಟಿ ಕೂಗಿದಳು: “ನಿಲ್ಲಬ್ಯಾಡ್ರಿ ಸ್ವಾಮಿ, ಗುಡ್ಡದ ತಂಕ ಹೋಗಾಣ!”

ಹೋದೆವು. ಬಂಡಿ ವಾಪಸ್ ತರುವ ಮಾತು ನನಗೆ ಆಮೇಲೆ ನೆನಪಾಗಲೇ ಇಲ್ಲ. ಆ ಮಂದೆಯಲ್ಲಿ ಅವತ್ತು ರುಮಾಲು ಸುತ್ತಿದ ಕುರಿ ನಾನೊಬ್ಬನೇ.